ನಲವತ್ತು ಸೆಕೆಂಡಿನ ಓಟಕ್ಕೆ ಇಡೀ ದಿನ: ನಾಯಿಗಳ ಅಜಿಲಿಟಿ ಸ್ಪರ್ಧೆಯಲ್ಲಿ ಕಿರಿಕಿರಿ ಹುಟ್ಟುವುದೆಲ್ಲಿ?

1978ರಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ನಡೆದ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಸಂಘಟಕರಿಗೆ ಒಂದು ಸಣ್ಣ ಚಿಂತೆಯಿತ್ತು. ವಿಧೇಯತೆಯ ಸ್ಪರ್ಧೆ ಮುಗಿದು ತಳಿ ಗುಂಪುಗಳ ತೀರ್ಪು ಆರಂಭವಾಗುವ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರನ್ನು ಕುರ್ಚಿಯಲ್ಲೇ ಉಳಿಸಿಕೊಳ್ಳಲು ಏನಾದರೂ ಬೇಕಾಗಿತ್ತು. ಸಮಿತಿಯ ಸದಸ್ಯ ಜಾನ್ ವಾರ್ಲಿ ಅವರು ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವು ಪಡೆದು, ಕುದುರೆಗಳ ಜಿಗಿತದ ಸ್ಪರ್ಧೆಯ ಮಾದರಿಯಲ್ಲಿ ನಾಯಿಗಳಿಗೊಂದು ಅಡೆತಡೆಯ ಓಟವನ್ನು ಸಿದ್ಧಪಡಿಸಿದರು. ಬಿಡುವು ತುಂಬಲು ಬಂದ ಈ ಆಟ 1980ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಯಾದ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಅಧಿಕೃತ ಮನ್ನಣೆ ಪಡೆಯಿತು, 1986ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಒಂದು ಸಂಘ ಹುಟ್ಟಿಕೊಂಡಿತು, 1994ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇದನ್ನು ತನ್ನ ಸ್ಪರ್ಧೆಗಳ ಪಟ್ಟಿಗೆ ಸೇರಿಸಿಕೊಂಡಿತು ಮತ್ತು 1996ರಿಂದ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತ ಬಂದಿದೆ. ಅಜಿಲಿಟಿ ಎಂದು ಕರೆಯಲಾಗುವ ಈ ಕ್ರೀಡೆಯಲ್ಲಿ ನಾಯಿಯು ಅಡ್ಡಕಂಬಿಗಳನ್ನು ಹಾರಿ, ಸುರಂಗದೊಳಗೆ ನುಗ್ಗಿ, ಹನ್ನೆರಡು ಕಂಬಗಳ ಸಾಲಿನಲ್ಲಿ ಎಡಬಲ ಹೆಣೆದುಕೊಂಡು ಸಾಗಿ, ‘ಎ’ ಅಕ್ಷರದಂತೆ ಎರಡು ಕಡೆ ಇಳಿಜಾರಾದ ಎ-ಫ್ರೇಮ್ ಮತ್ತು ಮೇಲೆ ಕೆಳಗೆ ತೂಗುವ ಸೀಸಾ (ಏತಪಾತ) ಹಲಗೆಗಳನ್ನು ಹತ್ತಿ ಇಳಿದು, ತೀರ್ಪುಗಾರರು ಅಂಕಿಯ ಫಲಕಗಳಿಂದ ಗುರುತಿಸಿದ ಕ್ರಮದಲ್ಲೇ ಗುರಿ ಮುಟ್ಟಬೇಕು. ಜೊತೆಯಲ್ಲಿ ಓಡುವ ಹ್ಯಾಂಡ್ಲರ್ ಮಾತು ಮತ್ತು ಅಂಗಸನ್ನೆಗಳಿಂದ ದಾರಿ ತೋರಿಸಬಹುದೇ ಹೊರತು ನಾಯಿಯನ್ನು ಮುಟ್ಟುವಂತಿಲ್ಲ.

ರಿಂಗಿನೊಳಗಿನ, ಅಂದರೆ ಓಟ ನಡೆಯುವ ಆವರಣದೊಳಗಿನ, ಪ್ರತಿಯೊಂದು ಚಲನೆಗೂ ನಿಯಮಾವಳಿಯಿದೆ. ಹತ್ತಿ ಇಳಿಯುವ ಹಲಗೆಗಳ ತುದಿಯಲ್ಲಿ ಹಳದಿ ಬಣ್ಣ ಬಳಿದ ಸ್ಪರ್ಶಭಾಗದ ಮೇಲೆ ನಾಯಿ ಕಾಲಿಡದೆ ಹಾರಿದರೆ ಏನಾಗುತ್ತದೆ, ಕಂಬಗಳ ಸಾಲನ್ನು ಯಾವ ಕಡೆಯಿಂದ ಹೊಗಬೇಕು, ಅಡ್ಡಕಂಬಿಯ ಎತ್ತರ ಯಾವ ಗಾತ್ರದ ನಾಯಿಗೆ ಎಷ್ಟು ಎಂಬುದೆಲ್ಲ ಸೆಂಟಿಮೀಟರಿನ ಲೆಕ್ಕದಲ್ಲಿ ಬರೆದಿಟ್ಟಿದೆ. ಆದರೆ ಬ್ರಿಟನ್ ಮತ್ತು ಅಮೆರಿಕದ ಯಾವುದೇ ವಾರಾಂತ್ಯದ ಸ್ಪರ್ಧೆಗೆ ಹೋದರೂ ಜನರು ಗೊಣಗುವುದು ಈ ವಿಷಯಗಳ ಬಗ್ಗೆ ಅಲ್ಲ. ಸರತಿಯಲ್ಲಿ ಪಕ್ಕದವರ ನಾಯಿ ಮೂಗು ತೂರಿಸಿದ್ದು, ಹೆಸರು ಕೂಗಿದಾಗ ಬಾರದೆ ರಿಂಗನ್ನು ಖಾಲಿ ನಿಲ್ಲಿಸಿದ್ದು, ತನ್ನ ಓಟ ಮುಗಿದೊಡನೆ ಕಾರು ಹತ್ತಿ ಹೊರಟದ್ದು, ಕೇಳದಿದ್ದರೂ ಬಂದು ಉಪದೇಶ ಮಾಡಿದ್ದು, ಅವರ ದೂರುಗಳು ಇಂಥವು. ಇವುಗಳನ್ನು ಕೆಲವರ ದುರ್ವರ್ತನೆ ಎಂದು ತಳ್ಳಿಹಾಕುವ ಅಭ್ಯಾಸ ಈ ಕ್ರೀಡಾವಲಯದಲ್ಲಿ ಇದೆ. ಅದು ಪೂರ್ತಿ ಸರಿಯಾದ ವಿವರಣೆಯಲ್ಲ ಎಂಬುದು ಈ ಲೇಖನದ ವಾದ. ಅಜಿಲಿಟಿ ಸ್ಪರ್ಧೆಯಲ್ಲಿ ಸಮಯ ಮತ್ತು ಜಾಗ ಎಂಬ ಎರಡು ವಸ್ತುಗಳು ಎಲ್ಲರಿಗೂ ಸೇರಿದವು, ಎರಡೂ ಕೊರತೆಯಲ್ಲಿರುವವು, ಮತ್ತು ಎರಡನ್ನೂ ಕಾಯುವವರು ಸಂಬಳವಿಲ್ಲದ ಸ್ವಯಂಸೇವಕರು. ಬಹುತೇಕ ಕಿರಿಕಿರಿಗಳ ಬೇರು ಈ ಏರ್ಪಾಡಿನಲ್ಲೇ ಇದೆ.

ಮೊದಲು ಸಮಯದ ಲೆಕ್ಕವನ್ನು ನೋಡೋಣ. ಅಮೆರಿಕನ್ ಕೆನಲ್ ಕ್ಲಬ್ಬಿನ ವ್ಯವಸ್ಥೆಯಲ್ಲಿ ಒಬ್ಬ ತೀರ್ಪುಗಾರರು ಒಂದು ದಿನಕ್ಕೆ ಗರಿಷ್ಠ 330 ಓಟಗಳಿಗೆ ತೀರ್ಪು ನೀಡಬಹುದು. ಒಂದು ಓಟಕ್ಕೆ ಸರಾಸರಿ ನಲವತ್ತು ಸೆಕೆಂಡು ಎಂದು ಹಿಡಿದರೆ ನಾಯಿಗಳು ನಿಜವಾಗಿ ಓಡುವ ಅವಧಿ 3 ಗಂಟೆ 40 ನಿಮಿಷ ಮಾತ್ರ. ಬೆಳಗಿನಿಂದ ಸಂಜೆಯವರೆಗಿನ ಉಳಿದ ಹೊತ್ತೆಲ್ಲ ಒಂದು ನಾಯಿ ಹೊರಬಂದು ಇನ್ನೊಂದು ಒಳಹೋಗುವುದರಲ್ಲಿ, ಕಂಬಿಗಳ ಎತ್ತರ ಬದಲಿಸುವುದರಲ್ಲಿ, ಹೊಸ ಕೋರ್ಸ್, ಅಂದರೆ ಅಡೆತಡೆಗಳ ಹೊಸ ಜೋಡಣೆ, ಕಟ್ಟುವುದರಲ್ಲಿ ಕಳೆಯುತ್ತದೆ. ಈಗ ಪ್ರತಿ ಹ್ಯಾಂಡ್ಲರ್ ಆರಂಭದ ಗೆರೆಯ ಬಳಿ ಇಪ್ಪತ್ತೇ ಸೆಕೆಂಡು ಹೆಚ್ಚು ತೆಗೆದುಕೊಂಡರೆಂದು ಭಾವಿಸಿ: 330 ಓಟಗಳಿಗೆ ಒಟ್ಟು 6600 ಸೆಕೆಂಡು, ಅಂದರೆ 1 ಗಂಟೆ 50 ನಿಮಿಷ. ತಡಮಾಡಿದವರಿಗೆ ಅದು ಇಪ್ಪತ್ತು ಸೆಕೆಂಡು. ಕೊನೆಯ ಗುಂಪಿನಲ್ಲಿ ಕಾದಿರುವವರಿಗೆ ಮತ್ತು ಅವರ ನಾಯಿಗಳಿಗೆ ಅದು ಸುಮಾರು ಎರಡು ಗಂಟೆ. ತಡ ಮಾಡಿದವರು ಯಾರೂ ಆ ಎರಡು ಗಂಟೆಯನ್ನು ತಾವು ಖರ್ಚು ಮಾಡಿದೆವೆಂದು ಭಾವಿಸುವುದಿಲ್ಲ ಎಂಬಲ್ಲೇ ಸಮಸ್ಯೆಯಿದೆ.

ಆರಂಭದ ಗೆರೆಯ ಶಿಷ್ಟಾಚಾರವೆಲ್ಲ ಈ ಲೆಕ್ಕದಿಂದಲೇ ಹುಟ್ಟಿದ್ದು. ಹಿಂದಿನ ನಾಯಿ ಓಟ ಮುಗಿಸುವ ಹೊತ್ತಿಗೆ ಮುಂದಿನ ಹ್ಯಾಂಡ್ಲರ್ ಬಾಗಿಲ ಬಳಿ ಸಿದ್ಧವಾಗಿರಬೇಕು, ಆದರೆ ಹಿಂದಿನ ನಾಯಿಯ ಕೊರಳಿಗೆ ಲೀಶ್ ಬೀಳುವ ತನಕ ತನ್ನ ನಾಯಿಯ ಲೀಶ್ ಬಿಚ್ಚಬಾರದು. ಇಲ್ಲವಾದರೆ ಬಿಡಿಯಾಗಿರುವ ಎರಡು ನಾಯಿಗಳು ಒಂದೇ ರಿಂಗಿನಲ್ಲಿ ಇರುತ್ತವೆ, ಅವುಗಳಲ್ಲಿ ಒಂದು ಓಟದ ಉದ್ವೇಗದ ತುದಿಯಲ್ಲಿರುತ್ತದೆ. ಬಿಚ್ಚಿದ ಲೀಶನ್ನು ಸ್ವಯಂಸೇವಕರು ಹೊರಬಾಗಿಲಿಗೆ ಒಯ್ಯುತ್ತಾರೆ. ಅದನ್ನು ಸುರುಳಿ ಮಾಡಿ ಹಿಂದಕ್ಕೆ ಹಾಕುವ ಬದಲು ಮೊದಲ ಕಂಬಿಯ ದಾರಿಯಲ್ಲಿ ಎಸೆದು ಹೋಗುವವರು, ಸಮಯ ಹಿಡಿಯುವವರು ಸಿದ್ಧರೆಂದು ಹೇಳುವ ಮೊದಲೇ ನಾಯಿಯನ್ನು ಬಿಡುವವರು, ಸಿದ್ಧರೆಂದು ಹೇಳಿದ ಮೇಲೂ ನಾಯಿಯನ್ನು ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸುವವರು, ಇವರೆಲ್ಲ ಒಂದೊಂದು ಹಿಡಿ ಸೆಕೆಂಡುಗಳನ್ನು ಬೇರೆಯವರ ಲೆಕ್ಕದಿಂದ ತೆಗೆದುಕೊಳ್ಳುತ್ತಾರೆ.

ಇದೇ ಸಾಲಿಗೆ ಸೇರುವ, ಆದರೆ ಸ್ವಲ್ಪ ಸಂಕೀರ್ಣವಾದ ದೂರು ರಿಂಗಿನಲ್ಲೇ ತರಬೇತಿ ಕೊಡುವವರ ಬಗ್ಗೆ ಇರುವುದು. ನಾಯಿ ಕಂಬಗಳ ಸಾಲಿನಲ್ಲಿ ತಪ್ಪಿದರೆ ಅದನ್ನು ಮತ್ತೆ ಮತ್ತೆ ಅಲ್ಲಿಗೇ ಕರೆತರುವ ಹ್ಯಾಂಡ್ಲರನ್ನು ಹೊರಗೆ ನಿಂತವರು ಹಲ್ಲು ಕಚ್ಚಿ ನೋಡುತ್ತಾರೆ. ಆದರೆ ಆ ಹ್ಯಾಂಡ್ಲರನ ಕಡೆಯಿಂದಲೂ ಒಂದು ವಾದವಿದೆ: ಮನೆಯ ಹಿತ್ತಲಲ್ಲಿ ಸೊಗಸಾಗಿ ಓಡುವ ನಾಯಿ ಸ್ಪರ್ಧೆಯ ಗದ್ದಲದಲ್ಲಿ ಮಾತ್ರ ತಪ್ಪುತ್ತಿದ್ದರೆ, ಆ ಗದ್ದಲದ ನಡುವೆಯೇ ಅಲ್ಲದೆ ಬೇರೆಲ್ಲಿ ಅದನ್ನು ತಿದ್ದಲು ಸಾಧ್ಯ? ಇದಕ್ಕೆ ಎರಡೂ ದೇಶಗಳ ಸಂಸ್ಥೆಗಳು ಕಂಡುಕೊಂಡ ದಾರಿ ಗಮನಿಸಬೇಕಾದದ್ದು. ಬ್ರಿಟನ್ನಿನಲ್ಲಿ ‘ಸ್ಪರ್ಧೆಗಲ್ಲ’ ಎಂದು ಮೊದಲೇ ತಿಳಿಸಿ ಓಡುವ ಅವಕಾಶವಿದೆ, ಅಮೆರಿಕದಲ್ಲಿ ‘ಪ್ರದರ್ಶನಕ್ಕೆ ಮಾತ್ರ’ ಎಂಬ ಹೆಸರಿನ ಅಂಥದೇ ಏರ್ಪಾಡಿದೆ. ಹೀಗೆ ಓಡುವವರಿಗೆ ಅಂಕ ಸಿಗುವುದಿಲ್ಲ, ಆದರೆ ಆಟಿಕೆಯೊಂದನ್ನು ರಿಂಗಿನೊಳಗೆ ಒಯ್ದು ನಾಯಿಗೆ ಅಲ್ಲೇ ಬಹುಮಾನ ಕೊಡಬಹುದು. ಆ ಆಟಿಕೆ ಕೀಚ್ ಕೀಚ್ ಎಂದು ಸದ್ದು ಮಾಡುವಂಥದ್ದಾಗಿರಬಾರದು ಎಂಬ ಷರತ್ತೂ ಇದೆ, ಏಕೆಂದರೆ ಪಕ್ಕದ ರಿಂಗಿನ ನಾಯಿಗೂ ಕಿವಿಗಳಿವೆ. ಹಿಂದೆ ಕದ್ದುಮುಚ್ಚಿ ನಡೆಯುತ್ತಿದ್ದುದನ್ನು ನಿಯಮದ ಒಳಗೆ ತಂದದ್ದರಿಂದ, ನೋಡುವವರಿಗೂ ಇದು ಅಶಿಸ್ತು ಎನಿಸುವ ಬದಲು ಒಂದು ಬಗೆಯ ಪ್ರವೇಶ ಎಂದು ತೋರುತ್ತದೆ. ಬರೀ ಬುದ್ಧಿಮಾತಿನಿಂದ ಈ ಬದಲಾವಣೆ ಬರುತ್ತಿರಲಿಲ್ಲ.

ಸರತಿಯ ವಿಷಯದಲ್ಲಿ ಎರಡು ದೇಶಗಳ ಪದ್ಧತಿ ಬೇರೆಯಾಗಿತ್ತು, ಆದ್ದರಿಂದ ಕಿರಿಕಿರಿಗಳೂ ಬೇರೆಯಾಗಿದ್ದವು. ಬ್ರಿಟನ್ನಿನ ದೊಡ್ಡ ಹೊರಾಂಗಣ ಸ್ಪರ್ಧೆಗಳಲ್ಲಿ ಬಹುಕಾಲ ಓಟದ ಕ್ರಮಪಟ್ಟಿ ಇರಲಿಲ್ಲ. ರಿಂಗ್ ತೆರೆದಿದೆ ಎಂದು ಕೂಗಿದಾಗ ಯಾರು ಬಂದು ಸಾಲಿನಲ್ಲಿ ನಿಂತರೋ ಅವರು ಓಡುತ್ತಿದ್ದರು. ಇದರ ಫಲವಾಗಿ, ಬೇರೆಯವರು ಹೇಗೆ ಓಡುತ್ತಾರೆಂದು ನೋಡಿಕೊಂಡು ಕೊನೆಗೆ ಬರೋಣ ಎಂದು ಜಾಣರು ಕಾಯುತ್ತಿದ್ದರು, ರಿಂಗಿನಲ್ಲಿ ಸ್ವಯಂಸೇವಕರು ನಾಯಿಗಳಿಲ್ಲದೆ ಬಿಸಿಲಿನಲ್ಲಿ ನಿಂತಿರುತ್ತಿದ್ದರು, ಕೊನೆಯ ಕರೆ ಬಿದ್ದೊಡನೆ ಐವತ್ತು ನಾಯಿಗಳು ಒಂದೇ ಬಾಗಿಲಿಗೆ ನುಗ್ಗುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಕ್ರಮಪಟ್ಟಿಯ ಪದ್ಧತಿ ಅಲ್ಲಿಯೂ ಹರಡಿದೆ. ಅಮೆರಿಕದಲ್ಲಿ ಕ್ರಮಪಟ್ಟಿ ಮೊದಲಿನಿಂದಲೂ ಇದೆ, ಬಾಗಿಲಲ್ಲಿ ಅದನ್ನು ಹಿಡಿದು ನಿಲ್ಲುವ ಗೇಟ್ ಸ್ಟೂವರ್ಡ್ ಇರುತ್ತಾರೆ. ಅಲ್ಲಿನ ತೊಡಕು ಬೇರೆ ಬಗೆಯದು. ಎರಡು ಮೂರು ನಾಯಿಗಳನ್ನು ಎರಡು ರಿಂಗುಗಳಲ್ಲಿ ಓಡಿಸುವವರಿಗೆ ಒಂದೇ ಸಮಯಕ್ಕೆ ಎರಡೂ ಕಡೆ ಕರೆ ಬರುತ್ತದೆ, ಅಂಥವರು ಮೊದಲೇ ಬಂದು ತಿಳಿಸಿದರೆ ಅವರ ಸ್ಥಾನವನ್ನು ಹಿಂದೆ ಮುಂದೆ ಮಾಡಿಕೊಡಲಾಗುತ್ತದೆ. ತಿಳಿಸದೆ ಇರುವುದು, ಹೆಸರು ಕೂಗಿದ ಮೇಲೆ ಓಡಿಬಂದು ‘ನನಗೆ ಆ ಕಡೆ ಓಟವಿತ್ತು’ ಎನ್ನುವುದು, ಓಡದೆ ಮನೆಗೆ ಹೋಗುವುದಾದರೂ ಪಟ್ಟಿಯಿಂದ ಹೆಸರು ಹೊಡೆಸದೆ ಹೋಗುವುದು, ಇವು ಗೇಟ್ ಸ್ಟೂವರ್ಡ್ ಕೆಲಸಕ್ಕೆ ಯಾರೂ ಮುಂದೆ ಬಾರದಿರಲು ಮುಖ್ಯ ಕಾರಣಗಳು. ಬೆಳಗಿನಿಂದ ಸಂಜೆಯ ತನಕ ಅಪರಿಚಿತರ ಆತಂಕವನ್ನೆಲ್ಲ ಹೊರುವ ಆ ಜಾಗ, ನನ್ನ ದೃಷ್ಟಿಯಲ್ಲಿ, ತೀರ್ಪುಗಾರರ ಜಾಗಕ್ಕಿಂತ ಕಷ್ಟದ್ದು.

ಓಟಕ್ಕೆ ಮುನ್ನ ಹ್ಯಾಂಡ್ಲರುಗಳು ನಾಯಿಯಿಲ್ಲದೆ ಕೋರ್ಸನ್ನು ನಡೆದು ನೋಡುವ ಎಂಟು ಹತ್ತು ನಿಮಿಷಗಳಲ್ಲಿ ಸಮಯ ಮತ್ತು ಜಾಗ ಎರಡರ ಕೊರತೆಯೂ ಒಟ್ಟಿಗೆ ಕಾಣಿಸುತ್ತದೆ. ಸುಮಾರು ಇಪ್ಪತ್ತು ಅಡೆತಡೆಗಳ ಕ್ರಮವನ್ನು ಕಂಠಪಾಠ ಮಾಡಿ, ಎಲ್ಲಿ ನಾಯಿಯ ಮುಂದೆ ದಾಟಬೇಕು, ಎಲ್ಲಿ ಅದರ ಬೆನ್ನ ಹಿಂದೆ ದಾಟಬೇಕು ಎಂಬುದನ್ನು ಕಾಲಿಗೆ ಅಭ್ಯಾಸ ಮಾಡಿಸುವ ಹೊತ್ತದು. ಹತ್ತಾರು ಜನ ಕೈಬೀಸುತ್ತ, ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುತ್ತ, ಹಿಮ್ಮುಖವಾಗಿ ಓಡುತ್ತ ಇರುವ ಆ ದೃಶ್ಯ ಹೊಸಬರಿಗೆ ನಗು ತರಿಸಬಹುದು. ಅಲ್ಲಿ ಕಿರಿಕಿರಿ ತರುವವರು ಮೂರು ಬಗೆಯವರು. ಕಂಬಗಳ ಸಾಲಿನ ಕೊನೆಯಲ್ಲಿ, ಎಲ್ಲರೂ ಹಾಯಲೇಬೇಕಾದ ಜಾಗದಲ್ಲಿ ನಿಂತು ವಾರದ ಸಮಾಚಾರ ಹಂಚಿಕೊಳ್ಳುವವರು ಒಂದು ಬಗೆ. ಹತ್ತು ಶಿಷ್ಯರನ್ನು ಸುತ್ತ ನಿಲ್ಲಿಸಿಕೊಂಡು ಒಂದೇ ತಿರುವಿನಲ್ಲಿ ಪಾಠ ಹೇಳುವ ತರಬೇತುದಾರರು ಎರಡನೆಯ ಬಗೆ, ಅವರ ಪಾಠಕ್ಕೆ ಶುಲ್ಕ ಕೊಟ್ಟವರು ಹತ್ತು ಜನರಾದರೆ ಸ್ಪರ್ಧೆಗೆ ಶುಲ್ಕ ಕೊಟ್ಟವರು ಅಲ್ಲಿರುವ ಎಲ್ಲರೂ. ಸಮಯ ಮುಗಿಯಿತು ಎಂದು ಘೋಷಿಸಿದ ಮೇಲೂ ಕಿವಿ ಕೇಳಿಸದವರಂತೆ ಇನ್ನೊಂದು ಸುತ್ತು ಹೊರಡುವವರು ಮೂರನೆಯವರು.

ಜಾಗದ ಪ್ರಶ್ನೆ ಹೆಚ್ಚು ಸೂಕ್ಷ್ಮವಾದದ್ದು, ಏಕೆಂದರೆ ಇಲ್ಲಿ ತೊಂದರೆ ಅನುಭವಿಸುವುದು ನಾಯಿ, ದೂರು ಹೇಳಬೇಕಾದವರು ಮನುಷ್ಯರು. ರಿಂಗಿನ ಬಾಗಿಲ ಸುತ್ತಲಿನ ಕೆಲವೇ ಅಡಿಗಳಲ್ಲಿ ಓಡಲು ತುದಿಗಾಲಲ್ಲಿರುವ ನಾಯಿಗಳು, ಓಡಿ ಬಂದು ಏದುಸಿರು ಬಿಡುತ್ತಿರುವ ನಾಯಿಗಳು, ಮತ್ತು ಕಣ್ಣೆದುರು ಇನ್ನೊಂದು ನಾಯಿ ವೇಗವಾಗಿ ಓಡುವುದನ್ನು ಕಂಡು ಲೀಶಿನ ತುದಿಯಲ್ಲಿ ಜಗ್ಗುತ್ತಿರುವ ನಾಯಿಗಳು ಒಟ್ಟಿಗೆ ಇರುತ್ತವೆ. ಈ ಕ್ರೀಡೆಯಲ್ಲಿ ಅತಿ ಹೆಚ್ಚು ಕಾಣಸಿಗುವ ಬಾರ್ಡರ್ ಕೋಲಿ ತಳಿಯನ್ನು ಕುರಿಗಳನ್ನು ಕಣ್ಣಿನಿಂದಲೇ ಹೆದರಿಸಿ ನಡೆಸುವಂತೆ ಬೆಳೆಸಲಾಗಿದೆ. ತಲೆ ತಗ್ಗಿಸಿ, ಮೈ ಬಗ್ಗಿಸಿ, ಎವೆಯಿಕ್ಕದೆ ನೋಡುವ ಆ ನೋಟವನ್ನು ಅದರ ಯಜಮಾನರು ಏಕಾಗ್ರತೆ ಎಂದು ಮೆಚ್ಚಿಕೊಳ್ಳಬಹುದು, ಎದುರಿಗಿರುವ ಪುಟ್ಟ ಪ್ಯಾಪಿಲಾನ್ ನಾಯಿಗೆ ಅದು ಬೆದರಿಕೆ. ಬೊಗಳಿಕೆಯಿಲ್ಲ, ಕಚ್ಚಾಟವಿಲ್ಲ, ಆದ್ದರಿಂದ ಮನುಷ್ಯರ ಕಣ್ಣಿಗೆ ಏನೂ ನಡೆದಿಲ್ಲ; ಆದರೆ ಪುಟ್ಟ ನಾಯಿ ರಿಂಗಿನೊಳಗೆ ಹೋಗಿ ಎರಡು ಕಂಬಿ ಹಾರಿ ನಿಂತುಬಿಟ್ಟಾಗ ಅದರ ಕಾರಣ ಹೊರಗಿನ ಸಾಲಿನಲ್ಲಿ ಇರುತ್ತದೆ. ತನ್ನ ನಾಯಿ ಏನನ್ನು ದಿಟ್ಟಿಸುತ್ತಿದೆ ಎಂಬುದರ ಮೇಲೆ ಕಣ್ಣಿಡುವುದು ಸರತಿಯಲ್ಲಿ ನಿಂತವರ ಮೊದಲ ಕರ್ತವ್ಯವಾಗಬೇಕು, ಆದರೆ ಸರತಿಯಲ್ಲಿರುವ ಬಹುತೇಕರ ಕಣ್ಣು ರಿಂಗಿನ ಮೇಲೆ ಅಥವಾ ಫೋನಿನ ಮೇಲೆ ಇರುತ್ತದೆ.

‘ನಮ್ಮದು ತುಂಬ ಸ್ನೇಹದ ನಾಯಿ’ ಎಂಬ ಮಾತು ಈ ವಲಯದಲ್ಲಿ ಕುಪ್ರಸಿದ್ಧವಾಗಿದೆ. ಬೆಂಗಳೂರಿನ ಪಾರ್ಕುಗಳಲ್ಲಿ ‘ಏನೂ ಮಾಡೋದಿಲ್ಲ, ಹೆದರಬೇಡಿ’ ಎಂಬ ಮಾತನ್ನು ಕೇಳಿದವರಿಗೆ ಇದರ ಧಾಟಿ ಪರಿಚಿತ. ಮಾತಾಡುವವರು ತಮ್ಮ ನಾಯಿಯ ಉದ್ದೇಶದ ಬಗ್ಗೆ ಭರವಸೆ ಕೊಡುತ್ತಿದ್ದಾರೆ, ಕೇಳುವವರಿಗೆ ಬೇಕಾಗಿರುವುದು ಅಂತರ. ಸ್ಪರ್ಧೆಗೆ ಬಂದ ನಾಯಿಗಳಲ್ಲಿ ಕೆಲವು ಹಿಂದೆ ಕಚ್ಚಿಸಿಕೊಂಡವು, ಕೆಲವು ಆಶ್ರಯ ಕೇಂದ್ರಗಳಿಂದ ಬಂದವು, ಕೆಲವು ಕೆಲಸದ ಹೊತ್ತಿನಲ್ಲಿ ಇತರ ನಾಯಿಗಳ ಸಹವಾಸವನ್ನೇ ಬಯಸದಂಥವು. ಲೀಶಿಗೆ ಹಳದಿ ಪಟ್ಟಿ ಕಟ್ಟಿದ್ದರೆ ಆ ನಾಯಿಗೆ ಹೆಚ್ಚು ಜಾಗ ಬೇಕು ಎಂಬ ಸಂಕೇತ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇದು ಉಪಯುಕ್ತವಾದರೂ, ಹಳದಿ ಪಟ್ಟಿಯಿಲ್ಲದ ನಾಯಿಯ ಬಳಿಗೆ ಕೇಳದೆ ಹೋಗಬಹುದು ಎಂಬ ತಪ್ಪು ಅರ್ಥಕ್ಕೂ ದಾರಿಮಾಡುತ್ತದೆ. ಇನ್ನೊಂದು ಕಡೆ, ಅಂತರ ಬೇಕಾದ ನಾಯಿಯ ಯಜಮಾನರಿಗೂ ಹೊಣೆಯಿದೆ. ಮೂರು ಅಡಿ ಅಗಲದ ದಾರಿಯಲ್ಲಿ ಹಾದುಹೋಗುವ ಪ್ರತಿಯೊಬ್ಬರ ಮೇಲೆ ಎಗರುವ ನಾಯಿಯನ್ನು ಕರೆತಂದು, ಉಳಿದವರೆಲ್ಲ ಸುತ್ತುಹಾಕಿ ಹೋಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಾಯಿ ಆ ಪರಿಸರವನ್ನು ತಾಳಿಕೊಳ್ಳಲಾರದಾದರೆ ಅದು ಇನ್ನೂ ಸ್ಪರ್ಧೆಗೆ ಸಿದ್ಧವಾಗಿಲ್ಲ ಎಂದೇ ತಿಳಿಯಬೇಕು. ಈ ಮಾತನ್ನು ಹೇಳುವುದು ಅಲ್ಲಿ ಜನಪ್ರಿಯವಲ್ಲ.

ಉದ್ದಕ್ಕೆ ಎಳೆದರೆ ಬಿಚ್ಚಿಕೊಳ್ಳುವ ಲೀಶ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಹದಿನೈದು ಅಡಿ ದೂರದಲ್ಲಿರುವ ನಾಯಿ ಯಾರ ಹಿಡಿತದಲ್ಲೂ ಇರುವುದಿಲ್ಲ, ಅನೇಕ ಕ್ಲಬ್ಬುಗಳು ಅವನ್ನು ಆವರಣದೊಳಗೆ ಬಿಡುವುದೇ ಇಲ್ಲ. ಹೊರಬಾಗಿಲಿನ ವಿಷಯ ಅಷ್ಟು ಸ್ಪಷ್ಟವಲ್ಲ. ಒಳ್ಳೆಯ ಓಟದ ಬಳಿಕ ನಾಯಿಗೆ ತಕ್ಷಣ ತಿನಿಸು ಕೊಡುವುದು, ಹಗ್ಗದ ಆಟಿಕೆಯನ್ನು ಎಳೆದಾಡಿಸುವುದು ತರಬೇತಿಯ ದೃಷ್ಟಿಯಿಂದ ಸರಿಯಾದದ್ದೇ, ಆದರೆ ಅದನ್ನು ಬಾಗಿಲಲ್ಲೇ ನಿಂತು ಮಾಡಿದರೆ ಹಿಂದಿನಿಂದ ಬರುವ ನಾಯಿಗೆ ದಾರಿಯಿರುವುದಿಲ್ಲ, ನೆಲಕ್ಕೆ ಬಿದ್ದ ತಿನಿಸಿನ ಚೂರುಗಳು ಮುಂದಿನ ನಾಯಿಗಳ ಮೂಗನ್ನು ಕೆಳಕ್ಕೆ ಎಳೆಯುತ್ತವೆ. ಓಟಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳಲೆಂದು ಹೊರಗೆ ಇಟ್ಟಿರುವ ಒಂದೇ ಒಂದು ಅಡ್ಡಕಂಬಿಯ ಕಥೆಯೂ ಹೀಗೆಯೇ. ನಾಲ್ಕೈದು ಸಲ ಹಾರಿಸಿ ಪಕ್ಕಕ್ಕೆ ಸರಿಯಬೇಕಾದಲ್ಲಿ ಅದನ್ನೇ ತರಬೇತಿ ಶಾಲೆಯಾಗಿ ಮಾಡಿಕೊಳ್ಳುವವರು ಇದ್ದಾರೆ, ಅವರ ಹಿಂದೆ ಆರು ಜನ ನಿಂತಿರುತ್ತಾರೆ.

ಒಳಾಂಗಣ ಸ್ಪರ್ಧೆಗಳಲ್ಲಿ ನಾಯಿಗಳನ್ನು ವಿಶ್ರಾಂತಿಗೆ ಬಿಡುವ ಕ್ರೇಟುಗಳ ಜಾಗ ಯಾವಾಗಲೂ ಸಾಲದು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಂತೆ, ಹಿಂದಿನ ದಿನ ಸಂಜೆಯೇ ಬಂದು ನಾಲ್ಕು ಗೆಳೆಯರಿಗಾಗಿ ಚಾಪೆ ಹಾಸಿ ಹೋಗುವ ಪದ್ಧತಿ ಅಲ್ಲಿಯೂ ಇದೆ. ಬೆಳಗಿನ ಜಾವ ಮೂರು ಗಂಟೆ ಕಾರು ಓಡಿಸಿಕೊಂಡು ಬಂದವರು ತಮ್ಮ ಕ್ರೇಟನ್ನು ಶೌಚಾಲಯದ ಪಕ್ಕದ ದಾರಿಯಲ್ಲಿ ಇಡಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಬೊಗಳುತ್ತಲೇ ಇರುವ ನಾಯಿಯನ್ನು ಕ್ರೇಟಿನಲ್ಲಿ ಬಿಟ್ಟು ಗಂಟೆಗಟ್ಟಲೆ ಕಾಣೆಯಾಗುವವರು. ಕ್ರೇಟಿನ ಮೇಲೆ ಒಂದು ಬಟ್ಟೆ ಹೊದಿಸಿ, ಎದುರಿನ ನಾಯಿ ಕಾಣದಂತೆ ಮಾಡಿದರೆ ಅರ್ಧ ಗದ್ದಲ ಕಡಿಮೆಯಾಗುತ್ತದೆ. ಬ್ರಿಟನ್ನಿನ ಬೇಸಗೆಯ ಸ್ಪರ್ಧೆಗಳಲ್ಲಿ ಜನ ಕ್ಯಾರವಾನುಗಳೊಂದಿಗೆ ಬಂದು ಮೈದಾನದಲ್ಲೇ ತಂಗುವುದರಿಂದ ಅಲ್ಲಿ ಮಲ ತೆಗೆಯದೆ ಹೋಗುವುದು ಮತ್ತು ರಾತ್ರಿ ಜನರೇಟರ್ ಓಡಿಸುವುದು ದೊಡ್ಡ ದೂರುಗಳು. ಮೈದಾನ ಬಾಡಿಗೆಗೆ ಕೊಟ್ಟವರು ಒಮ್ಮೆ ಬೇಸತ್ತು ಮುಂದಿನ ವರ್ಷ ಇಲ್ಲವೆಂದರೆ ಕ್ಲಬ್ಬಿಗೆ ಬೇರೆ ಮೈದಾನ ಸಿಗುವುದು ಕಷ್ಟ, ಆದ್ದರಿಂದ ಒಬ್ಬರ ಸೋಮಾರಿತನಕ್ಕೆ ಇಡೀ ಕ್ಲಬ್ ಬೆಲೆ ತೆರಬೇಕಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಡುವುದನ್ನು ಮಾತ್ರ ಕಿರಿಕಿರಿಗಳ ಸಾಲಿಗೆ ಸೇರಿಸಬಾರದು, ಅದು ಪ್ರಾಣಾಪಾಯ. ಅಲ್ಲಿ ಸಂಕೋಚಕ್ಕೆ ಎಡೆಯಿಲ್ಲ, ಕಂಡವರು ಕೂಡಲೇ ಸಂಘಟಕರಿಗೆ ಹೇಳಿ ಧ್ವನಿವರ್ಧಕದಲ್ಲಿ ಕೂಗಿಸಬೇಕು.

ಬೆದೆಗೆ ಬಂದ ಹೆಣ್ಣುನಾಯಿಗಳ ವಿಷಯದಲ್ಲಿ ಒಂದೇ ಕ್ರೀಡೆಯ ಎರಡು ಸಂಸ್ಥೆಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ಅಮೆರಿಕನ್ ಕೆನಲ್ ಕ್ಲಬ್ಬಿನ ಅಜಿಲಿಟಿಯಲ್ಲಿ ಅವು ಭಾಗವಹಿಸುವಂತಿಲ್ಲ. ಎಫ್‌ಸಿಐ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವಕ್ಕೆ ಅವಕಾಶವಿದೆ, ಆದರೆ ಉಳಿದ ನಾಯಿಗಳಿಂದ ದೂರವಿರಿಸಿ ಎಲ್ಲರ ಕೊನೆಗೆ ಓಡಿಸಬೇಕು. ವರ್ಷಗಟ್ಟಲೆ ತಯಾರಿ ಮಾಡಿ ದೇಶದ ತಂಡಕ್ಕೆ ಆಯ್ಕೆಯಾದ ನಾಯಿಯನ್ನು ದಿನಾಂಕ ಕೂಡಿಬರಲಿಲ್ಲವೆಂದು ಮನೆಗೆ ಕಳಿಸುವುದು ಸರಿಯಲ್ಲ ಎಂಬುದು ಒಂದು ಕಡೆಯ ವಾದ, ಮುನ್ನೂರು ಓಟಗಳ ಸ್ಥಳೀಯ ಸ್ಪರ್ಧೆಯಲ್ಲಿ ಅಷ್ಟು ಕಟ್ಟುನಿಟ್ಟಿನ ಕಾವಲು ಸಾಧ್ಯವಿಲ್ಲ ಎಂಬುದು ಇನ್ನೊಂದು ಕಡೆಯ ವಾದ. ಎರಡೂ ತಮ್ಮ ತಮ್ಮ ಅಳತೆಗೆ ತಕ್ಕವು.

ಈ ಎಲ್ಲವನ್ನೂ ನಡೆಸುವ ಕೈಗಳ ಬಗ್ಗೆ ಈಗ ಹೇಳಬೇಕು. ಒಂದು ರಿಂಗಿಗೆ ತೀರ್ಪುಗಾರರಲ್ಲದೆ ಸಮಯ ಹಿಡಿಯುವವರು, ತಪ್ಪುಗಳನ್ನು ಬರೆದುಕೊಳ್ಳುವವರು, ಬಿದ್ದ ಕಂಬಿಗಳನ್ನು ಎತ್ತಿ ಇಡುವವರು, ಲೀಶ್ ಒಯ್ಯುವವರು, ಬಾಗಿಲು ಕಾಯುವವರು ಬೇಕು. ಬರೆದುಕೊಳ್ಳುವವರು ನಾಯಿಯನ್ನು ನೋಡುವಂತಿಲ್ಲ, ಓಟದ ಉದ್ದಕ್ಕೂ ತೀರ್ಪುಗಾರರ ಕೈಸನ್ನೆಯನ್ನೇ ನೋಡುತ್ತಿರಬೇಕು. ಅವರ ಪಕ್ಕ ಕುಳಿತು ಹರಟೆ ಹೊಡೆಯುವುದು ಯಾರದೋ ಫಲಿತಾಂಶವನ್ನು ಕೆಡಿಸಬಲ್ಲ ಅಚಾತುರ್ಯ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಕೆಲಸಕ್ಕೆ ಬನ್ನಿ ಎಂದು ಧ್ವನಿವರ್ಧಕದಲ್ಲಿ ಮೂರು ಸಲ ಕೂಗಿದರೂ ಕುರ್ಚಿಯಿಂದ ಏಳದ ಐವತ್ತು ಜನ ಒಂದು ಕಡೆ, ಬೆಳಗಿನಿಂದ ಊಟ ಬಿಟ್ಟು ದುಡಿಯುವ ಅದೇ ಎಂಟು ಜನ ಇನ್ನೊಂದು ಕಡೆ ಇರುವುದು ಈ ಕ್ರೀಡೆಯ ಹಳೆಯ ಗಾಯ. ಶುಲ್ಕ ಕೊಟ್ಟಿದ್ದೇನೆ, ಸೇವೆ ಪಡೆಯುವುದು ನನ್ನ ಹಕ್ಕು ಎಂದು ಭಾವಿಸುವವರು, ಆ ಶುಲ್ಕದಲ್ಲಿ ಮೈದಾನದ ಬಾಡಿಗೆ, ಸಲಕರಣೆ, ತೀರ್ಪುಗಾರರ ಪ್ರಯಾಣ ಇವೆಲ್ಲ ಸೇರಿವೆಯೇ ಹೊರತು ಕಂಬಿ ಎತ್ತುವವರ ಕೂಲಿ ಸೇರಿಲ್ಲ ಎಂಬುದನ್ನು ಗಮನಿಸುವುದಿಲ್ಲ. ಕೆಲವು ಕ್ಲಬ್ಬುಗಳು ಕೆಲಸ ಮಾಡಿದವರಿಗೆ ಊಟದ ಕೂಪನ್, ಮುಂದಿನ ಸ್ಪರ್ಧೆಯ ಶುಲ್ಕದಲ್ಲಿ ರಿಯಾಯಿತಿ, ಲಾಟರಿ ಚೀಟಿ ಕೊಡುತ್ತವೆ. ಪ್ರವೇಶ ಅರ್ಜಿಯಲ್ಲೇ ಯಾವ ಹೊತ್ತಿನಲ್ಲಿ ಯಾವ ಕೆಲಸ ಮಾಡುತ್ತೀರಿ ಎಂದು ಬರೆಸಿಕೊಳ್ಳುವುದು ಇದಕ್ಕಿಂತ ಪರಿಣಾಮಕಾರಿ ಎಂದು ನನಗೆ ತೋರುತ್ತದೆ. ಅಂದಿನ ಉತ್ಸಾಹದ ಮೇಲೆ ಬಿಟ್ಟದ್ದು ಅಂದೇ ಕೈಕೊಡುತ್ತದೆ. ಮೊಣಕಾಲು ನೋವಿನವರು ಕಂಬಿ ಎತ್ತಲಾರರು ನಿಜ, ಆದರೆ ಕುಳಿತು ಸಮಯ ಹಿಡಿಯಬಲ್ಲರು.

ಹೊಸಬರ ವಿಷಯದಲ್ಲಿ ಹಳಬರ ನಡವಳಿಕೆಯೂ ಪರಿಶೀಲನೆಗೆ ಯೋಗ್ಯ. ಅಜಿಲಿಟಿ ಶುದ್ಧ ತಳಿಗಳ ಆಟವಾಗಿ ಉಳಿದಿಲ್ಲ. 2024ರಲ್ಲಿ ನ್ಯೂಯಾರ್ಕಿನ ಪ್ರತಿಷ್ಠಿತ ವೆಸ್ಟ್‌ಮಿನ್‌ಸ್ಟರ್ ಅಜಿಲಿಟಿ ಪ್ರಶಸ್ತಿಯನ್ನು ಗೆದ್ದ ನಿಂಬಲ್ ಎಂಬ ನಾಯಿ ಬಾರ್ಡರ್ ಕೋಲಿ ಮತ್ತು ಪ್ಯಾಪಿಲಾನ್ ಮಿಶ್ರತಳಿ, ಆ ಪ್ರಶಸ್ತಿ ಪಡೆದ ಮೊದಲ ಮಿಶ್ರತಳಿಯದು. ಬಾಗಿಲು ಇಷ್ಟು ಅಗಲವಾದಾಗ ಶ್ವಾನ ಪ್ರದರ್ಶನಗಳ ಸಂಪ್ರದಾಯ ತಿಳಿಯದವರೂ ಒಳಗೆ ಬರುತ್ತಾರೆ. ಎಲ್ಲಿಯೂ ಬರೆದಿಡದ ನಿಯಮಗಳನ್ನು ಮುರಿದರೆಂದು ಅವರನ್ನು ಗದರಿಸುವವರು, ಆ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರವೇಶಪತ್ರದ ಜೊತೆ ಕಳಿಸುವ ಕೆಲಸವನ್ನು ಮಾಡುವುದಿಲ್ಲ. ಇದಕ್ಕಿಂತ ಸಾಮಾನ್ಯವಾದದ್ದು ಕೇಳದೆ ಕೊಡುವ ಸಲಹೆ. ಓಟ ಕೆಟ್ಟು ಹೊರಬಂದ ಹ್ಯಾಂಡ್ಲರಿಗೆ ತಾನು ಎಲ್ಲಿ ತಡವಾಗಿ ತಿರುಗಿದೆ ಎಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. ಆ ನಿಮಿಷದಲ್ಲಿ ಅದನ್ನು ಇನ್ನೊಬ್ಬರ ಬಾಯಿಂದ ಕೇಳುವ ತಾಳ್ಮೆ ಇರುವುದಿಲ್ಲ. ಓಟ ನಡೆಯುತ್ತಿರುವಾಗಲೇ ಹೊರಗಿನಿಂದ ‘ಎಡಕ್ಕೆ, ಎಡಕ್ಕೆ’ ಎಂದು ಕೂಗುವುದಂತೂ ಹೊರಗಿನ ನೆರವೆಂದು ಪರಿಗಣನೆಯಾಗಿ ಆ ಓಟವನ್ನೇ ಕಳೆಯಬಹುದು.

ತೀರ್ಪುಗಾರರೊಡನೆ ವಾದಕ್ಕಿಳಿಯುವುದು ಹಿಂದೆಯೂ ಇತ್ತು, ಈಗ ಪ್ರತಿಯೊಬ್ಬರ ಕೈಯಲ್ಲಿ ವಿಡಿಯೊ ಇರುವುದರಿಂದ ಅದಕ್ಕೆ ಹೊಸ ಹುರುಪು ಬಂದಿದೆ. ಹಳದಿ ಭಾಗಕ್ಕೆ ನಾಯಿಯ ಹಿಂಗಾಲಿನ ಒಂದು ಉಗುರು ತಾಗಿದ್ದು ನಿಧಾನಗತಿಯ ದೃಶ್ಯದಲ್ಲಿ ಕಾಣಬಹುದು, ಆದರೆ ತೀರ್ಪು ನಿಂತಿರುವುದು ಒಂದು ಕೋನದಿಂದ, ಒಂದು ಕ್ಷಣದಲ್ಲಿ, ಬರಿಗಣ್ಣಿಗೆ ಕಂಡದ್ದರ ಮೇಲೆ. ಇದರ ಹಿಂದಿನ ಹತಾಶೆ ಅರ್ಥವಾಗದಿರುವಂಥದ್ದಲ್ಲ. ಅಮೆರಿಕದಲ್ಲಿ ‘ಮ್ಯಾಕ್’ ಎಂದು ಕರೆಯಲಾಗುವ ಚಾಂಪಿಯನ್ ಪದವಿಗೆ ನಿಗದಿತ ಸಮಯಕ್ಕಿಂತ ಬೇಗ ಓಟ ಮುಗಿಸಿದ್ದಕ್ಕೆ ಸಿಗುವ 750 ವೇಗಾಂಕಗಳು ಬೇಕು, ಅದರ ಜೊತೆಗೆ ಒಂದೇ ದಿನದಲ್ಲಿ ಹತ್ತಿ ಇಳಿಯುವ ಹಲಗೆಗಳಿರುವ ಮತ್ತು ಇಲ್ಲದ ಎರಡೂ ಬಗೆಯ ಕೋರ್ಸುಗಳನ್ನು ಒಂದೂ ತಪ್ಪಿಲ್ಲದೆ ಮುಗಿಸಿದ ಸಾಧನೆ 20 ಸಲ ಆಗಬೇಕು. ಬೆಳಗಿನ ಓಟ ಗೆದ್ದು ಮಧ್ಯಾಹ್ನದ ಓಟದಲ್ಲಿ ಒಂದು ಕಂಬಿ ಬಿದ್ದರೆ ಆ ದಿನದ ಜೋಡಿ ಹೋಯಿತು. ನೂರಾರು ಮೈಲಿ ಪ್ರಯಾಣ, ಹೋಟೆಲ್ ಕೋಣೆ, ಶುಲ್ಕ, ಎರಡು ದಿನಗಳ ರಜೆ ಎಲ್ಲವೂ ಒಂದು ಕಂಬಿಯ ಮೇಲೆ ನಿಂತಂತೆ ತೋರುವ ಆ ಕ್ಷಣದಲ್ಲಿ ಹ್ಯಾಂಡ್ಲರ್ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಶಿಷ್ಟಾಚಾರದ ಎಲ್ಲೆ ಮೀರಿದ ಪ್ರಶ್ನೆ, ಏಕೆಂದರೆ ಲೀಶಿನ ಇನ್ನೊಂದು ತುದಿಯಲ್ಲಿ ನಾಯಿಯಿದೆ.

ಅಜಿಲಿಟಿಯಲ್ಲಿ ನಾಯಿಯ ಬಹುತೇಕ ತಪ್ಪುಗಳು ಹ್ಯಾಂಡ್ಲರನ ಸನ್ನೆ ತಡವಾದದ್ದರಿಂದ ಅಥವಾ ಭುಜ ಬೇರೆ ಕಡೆಗೆ ತಿರುಗಿದ್ದರಿಂದ ಆಗುತ್ತವೆ ಎಂಬುದನ್ನು ತರಬೇತುದಾರರು ಒಪ್ಪುತ್ತಾರೆ. ಹಾಗಿದ್ದೂ ನಾಯಿಯನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ಯುವುದು, ಮುಖದ ಹತ್ತಿರ ಬಾಗಿ ಗದರುವುದು, ಕಾರಿನ ಹಿಂದೆ ಯಾರೂ ಕಾಣದಲ್ಲಿ ಶಿಕ್ಷಿಸುವುದು ನಡೆಯುತ್ತದೆ. ಇಲ್ಲಿ ಬೂದುಬಣ್ಣದ ಪ್ರದೇಶವೂ ಇದೆ: ಮೊದಲ ತಪ್ಪಿಗೇ ಓಟ ನಿಲ್ಲಿಸಿ, ಮಾತಿಲ್ಲದೆ ನಾಯಿಯನ್ನು ಹೊರಗೆ ಕರೆದೊಯ್ಯುವುದು ಕೆಲವರಿಗೆ ಶಾಂತವಾದ ತರಬೇತಿ ಕ್ರಮ, ಇನ್ನು ಕೆಲವರಿಗೆ ನಾಯಿಗೆ ಅರ್ಥವಾಗದ ಶಿಕ್ಷೆ. ಆ ಚರ್ಚೆ ಮುಂದುವರಿಯಲಿ. ಆದರೆ ಕೈ ಎತ್ತಿದ್ದು ಕಂಡಾಗ ಸುತ್ತಲಿನವರು ಮುಖ ತಿರುಗಿಸುವುದಕ್ಕೆ ಕಾರಣ ಚರ್ಚೆಯಲ್ಲ, ಮುಂದಿನ ವಾರವೂ ಅದೇ ಜನರ ಪಕ್ಕ ಕ್ರೇಟ್ ಇಡಬೇಕೆಂಬ ಮುಜುಗರ. ಅಮೆರಿಕನ್ ಕೆನಲ್ ಕ್ಲಬ್ಬಿನ ವ್ಯವಸ್ಥೆಯಲ್ಲಿ ಇಂಥ ದೂರನ್ನು ಅಲ್ಲಿಯೇ ವಿಚಾರಿಸುವ ಅಧಿಕಾರ ಸ್ಪರ್ಧಾ ಸಮಿತಿಗೆ ಇದೆ, ತಪ್ಪು ಸಾಬೀತಾದರೆ ಅದು ಕ್ಲಬ್ಬಿನ ಮಟ್ಟದಲ್ಲಿ ಮುಗಿಯದೆ ಕೇಂದ್ರ ಸಂಸ್ಥೆಗೆ ಹೋಗುತ್ತದೆ. ಅದಕ್ಕೆ ಕಣ್ಣಾರೆ ಕಂಡವರ ಹೇಳಿಕೆ ಬೇಕು, ಕಂಡವರು ಮೈದಾನ ಬಿಡುವ ಮೊದಲೇ ಬೇಕು. ಮನೆಗೆ ಮರಳಿದ ಮೇಲೆ ಹೆಸರು ಹಾಕದೆ ಬರೆಯುವ ಖಂಡನೆಯ ಆಧಾರದ ಮೇಲೆ ಯಾವ ಸಮಿತಿಯೂ ವಿಚಾರಣೆ ನಡೆಸಲಾರದು.